ದುಪ್ಪಟಿಗೆ ಬಿದ್ದ ಕಾಟ್ಲ

ಆ ಭಾನುವಾರ ಬೆಳಿಗ್ಗೆ ನಾಗರತ್ನ ದುಪ್ಪಟಿಯನ್ನು ಮನೆಯ ನಲ್ಲಿಯಲ್ಲೇ ಒಗೆದುಕೊಂಡಿದ್ದರೆ ಅವಳ ಗಂಡ ರಾಮಲಿಂಗಯ್ಯನ ಮಾನ ಉಳಿಯುತ್ತಿತ್ತು. ಆದರೆ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ನಾಲೆಯಲ್ಲೂ ಬರುತ್ತಿರಲಿಲ್ಲ ಅನ್ನಿ. ಒಂದಷ್ಟು ದಿನ ನೀರು ಬಿಡುವುದು, ಒಂದಷ್ಟು ದಿನ ನಿಲ್ಲಿಸುವುದು ನಮ್ಮ ನಾಲೆಯ ಪದ್ಧತಿ. ಈ ಸಲ ನಿಲ್ಲಿಸಿ ವಾರವಾಗಿತ್ತು. ಸೇತುವೆಯ ಕೆಳಗಿನ ಗುಂಡಿಯಲ್ಲಿ ಮಾತ್ರ ಸೊಂಟದ ಮಟ್ಟ ನೀರು ನಿಂತಿತ್ತು. ನಾಗರತ್ನ ಅಲ್ಲಿಗೆ ಇಳಿದು ದುಪ್ಪಟಿಯನ್ನು ಅಗಲಕ್ಕೆ ಬಿಟ್ಟು ಜಾಲಿಸಿ ಎಳೆದಳು. ಬರಲಿಲ್ಲ. ಇನ್ನೊಂದು ಸಲ ಎಳೆದಳು. ದುಪ್ಪಟಿಯೇ ಅವಳನ್ನು ಎಳೆಯಿತು.

ಬೇರೆ ಯಾರಾದರೂ ಆಗಿದ್ದರೆ ದುಪ್ಪಟಿ ಹೋದರೆ ಹೋಯಿತು ಎಂದು ಕೈಬಿಟ್ಟು ಓಡುತ್ತಿದ್ದರು. ನಾಗರತ್ನ ಬಿಡುವ ಹೆಂಗಸಲ್ಲ. ತವರಿನವರು ಕೊಟ್ಟ ದುಪ್ಪಟಿ ಅದು. ನಾಲ್ಕು ಮೂಲೆಯನ್ನೂ ಸೇರಿಸಿ ಗಂಟು ಹಾಕಿ, ಬಾಯಿಗೆ ಬಂದಂತೆ ಬೈಯುತ್ತಾ ದಡಕ್ಕೆ ಎಳೆದು ಹಾಕಿ ಬಿಚ್ಚಿ ನೋಡಿದರೆ ಒಳಗೆ ಒಂದು ಕಾಟ್ಲ ಮೀನು. ಅದನ್ನು ಹಾಗೇ ಸುತ್ತಿ ಕಂಕುಳಲ್ಲಿ ಎತ್ತಿಕೊಂಡು ಮನೆಗೆ ಬಂದಳು.

ಮನೆಯ ಜಗುಲಿಯ ಮೇಲೆ ರಾಮಲಿಂಗಯ್ಯ ಕಡಲೆಕಾಯಿ ಹಿಂಡಿಗೆ ರಾಗಿಹಿಟ್ಟು ಕಲಸಿ ಗಾಳಕ್ಕೆ ಸಿಕ್ಕಿಸುವ ಉಂಡೆ ಕಟ್ಟುತ್ತಾ ಕೂತಿದ್ದ. ಹೊಟ್ಟೆಪಾಡಿಗೆ ಮದ್ದೂರಿನ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ತೂಗುತ್ತಿದ್ದನೇ ಹೊರತು ಅವನ ಜೀವವೆಲ್ಲ ಗಾಳದ ಕೋಲಿನಲ್ಲಿತ್ತು. ಮೀನುಗಳಿಗೆ ಮಾತ್ರ ಅವನ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಬೆರಳುದ್ದದ ಜಿಲೇಬಿ ಮೀನು ಬಿಟ್ಟರೆ ಬೇರೆ ಜಾತಿಯ ಮೀನು ಅವನ ಗಾಳದ ಕಡೆ ತಿರುಗಿಯೂ ನೋಡಿರಲಿಲ್ಲ.

ಅವತ್ತು ಸುತ್ತಿನ ಗಾಳ ಹಾಕುವವರೆಲ್ಲ ಸೇರಿ ಕಟ್ಟಿಕೊಂಡಿದ್ದ ಗಾಳದ ಬಳಗದ ವರ್ಷದ ಊಟ. ಜಾಗ, ನಿಡಘಟ್ಟದ ಕೆಂಪಸಿದ್ದಯ್ಯನವರ ತೆಂಗಿನ ತೋಟ. ಅಲ್ಲಿಯ ಕಟ್ಟಳೆ ಹೀಗೆ: ಒಬ್ಬೊಬ್ಬರೂ ತಾವು ಹಿಡಿದ ಮೀನನ್ನು ಕೈಯಲ್ಲಿ ಎತ್ತಿ ಹಿಡಿದು, ಎಲ್ಲಿ ಹಿಡಿದೆ, ಹೇಗೆ ಹಿಡಿದೆ ಎಂದು ಎಲ್ಲರ ಮುಂದೆ ಹೇಳಬೇಕು. ಹಿಡಿದದ್ದು ಗಾಳದಿಂದಲೇ ಆಗಿರಬೇಕು. ಆಮೇಲೆ ಎಲ್ಲವನ್ನೂ ಒಂದೇ ಹಂಡೆಗೆ ಹಾಕಿ ಸಾರು ಮಾಡುತ್ತಾರೆ. ಗೆದ್ದವನಿಗೆ ಎಲ್ಲಕ್ಕಿಂತ ದೊಡ್ಡ ಮೀನಿನ ತಲೆ. ಅದನ್ನು ಅವನು ಡಬ್ಬಿಯಲ್ಲಿ ಹಾಕಿಸಿಕೊಂಡು ಮನೆಗೆ ಒಯ್ಯಬಹುದು. ಎಲ್ಲರಿಗಿಂತ ಚಿಕ್ಕ ಮೀನು ತಂದವನಿಗೆ ಬಾಲ. ಬಳಗ ಶುರುವಾದಾಗಿನಿಂದ ಬಾಲ ಒಂದು ಸಲವೂ ರಾಮಲಿಂಗಯ್ಯನನ್ನು ಬಿಟ್ಟು ಬೇರೆ ಕಡೆ ಹೋಗಿರಲಿಲ್ಲ. ಬೆನ್ನ ಹಿಂದೆ ಅವನನ್ನು ಬಾಲಲಿಂಗಯ್ಯ ಎನ್ನುತ್ತಿದ್ದರು. ಕೆಲವರು ಮುಂದೆಯೇ ಅನ್ನುತ್ತಿದ್ದರು.

"ರೀ, ಒಸಿ ಕೈ ಕೊಡಿ, ತೋಳು ಬಿದ್ದೋಗ್ತಾ ಅದೆ," ಎಂದಳು ನಾಗರತ್ನ.

"ಏನಮ್ಮಿ ಅದು?"

"ಮೀನು. ಒಗೆಯಕ್ಕೋದ್ರೆ ದುಪ್ಪಟಿಗೆ ಬಿತ್ತು."

ರಾಮಲಿಂಗಯ್ಯ ಗಂಟು ಬಿಚ್ಚಿದ. ಮೀನನ್ನು ನೋಡಿದ, ಹೆಂಡತಿಯನ್ನು ನೋಡಿದ, ತನ್ನ ಹಿಂಡಿಯ ಉಂಡೆಯನ್ನು ನೋಡಿದ. ಹೊಟ್ಟೆಯೊಳಗೆ ಕೊಳ್ಳಿ ಇಟ್ಟಂತಾಯಿತು. ಅದು ಆರುವ ಮೊದಲೇ ತಲೆಯಲ್ಲಿ ಇನ್ನೊಂದು ಯೋಚನೆ ಹೊಳೆಯಿತು.

"ನಾಗು, ಇದ್ನ ನಾನ್ ಹಿಡ್ದೆ ಅಂತ ಇವತ್ತೊಂದಿನ ಒಪ್ಕೊಬುಡೆ."

"ಹಿಡ್ದೋಳು ನಾನು, ಸೊಂಟ ಉಳುಕಿಸ್ಕಂಡೋಳು ನಾನು, ಹೆಸ್ರು ನಿಮ್ಗಾ?"

"ತಲೆ ಬತ್ತದೆ ಕಣಮ್ಮಿ! ಕಾಟ್ಲ ತಲೆ! ಒಂದು ಚೂರೂ ಮುಟ್ಟದಂಗೆ ನಿಂಗೇ ತಂದ್ಕೊಡ್ತೀನಿ."

ತಲೆ ಅಂದದ್ದೇ ನಾಗರತ್ನಳಿಗೆ ಹಳೆಯದು ನೆನಪಾಯಿತು. ಹೋದ ವರ್ಷ ತಲೆ ಗೆದ್ದವನು ಪಕ್ಕದ ಮನೆಯ ಚಿಕ್ಕಣ್ಣ. ಅವನ ಹೆಂಡತಿ ಕುಸುಮ ಆ ತಲೆಯ ಸಾರನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದು, "ನಿಮ್ಮನೆಗೆ ಬಾಲ ಬಂತಂತಲ್ಲ, ಅದೂ ರುಚಿಯಾಗೇ ಇರ್ತದೆ ಬುಡು ನಾಗಕ್ಕ" ಎಂದಿದ್ದಳು. ಆ ಮಾತು ನಾಗರತ್ನಳ ಎದೆಯಲ್ಲಿ ಮುಳ್ಳಿನ ಹಾಗೆ ಇನ್ನೂ ಕೂತಿತ್ತು.

"ಸರಿ. ಆದ್ರೆ ತಲೆ ತತ್ತಾ ಮೊದ್ಲು ಕುಸುಮನ ಬಾಗ್ಲ ಮುಂದೆ ನಿಂತ್ಕಂಡು ಒಂದ್ಸಲ ಕೆಮ್ಬೇಕು. ಅವ್ಳು ಈಚೆ ಬಂದು ನೋಡ್ದ್ ಮೇಲೇ ನಮ್ಮನೆಗೆ ಬರ್ಬೇಕು."

"ಎರಡ್ಸಲ ಕೆಮ್ತೀನಿ," ಎಂದ ರಾಮಲಿಂಗಯ್ಯ.

ಗಾಳದ ಗಾಯವಿಲ್ಲದೆ ಯಾರು ನಂಬುತ್ತಾರೆ? ಅಷ್ಟು ಹೊತ್ತಿಗೆ ಪ್ರಾಣ ಬಿಟ್ಟಿದ್ದ ಮೀನಿನ ತುಟಿಗೆ ತನ್ನ ಗಾಳವನ್ನು ಚುಚ್ಚಿ ಜಗ್ಗಿದ. ಜನ್ಮದಲ್ಲಿ ಮೊದಲ ಸಲ ಅವನ ಗಾಳಕ್ಕೆ ದೊಡ್ಡ ಮೀನು ಸಿಕ್ಕಿತು. ಆ ಕ್ಷಣದಲ್ಲಿ ಅವನಿಗೆ ನಿಜವಾಗಿಯೂ ತಾನೇ ಹಿಡಿದೆ ಅನ್ನಿಸಿಬಿಟ್ಟಿತು.

ಒದ್ದೆ ಗೋಣಿಯಲ್ಲಿ ಸುತ್ತಿದ ಕಾಟ್ಲವನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು, ತಲೆ ಮಾತ್ರ ಎಲ್ಲರಿಗೂ ಕಾಣುವಂತೆ ಹೊರಗೆ ಬಿಟ್ಟು ರಾಮಲಿಂಗಯ್ಯ ಹೊರಟ. ನೆಟ್ಟಗೆ ನಿಡಘಟ್ಟಕ್ಕೆ ಹೋಗಬಹುದಿತ್ತು. ಆದರೆ ಅಂಥ ಮೀನು ಇಟ್ಟುಕೊಂಡು ಯಾರೂ ನೋಡದ ದಾರಿಯಲ್ಲಿ ಹೋಗಲು ಅವನಿಗೇನು ಹುಚ್ಚೇ? ಮದ್ದೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಂಗಳಮ್ಮನ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ಬಾಯಾರಿಕೆ ಏನೂ ಇರಲಿಲ್ಲ.

"ಅಯ್ಯೋ ನಮ್ಮಪ್ಪ! ಇದೇನ್ ಮೀನಾ ಕರುವಾ?" ಎಂದು ಮಂಗಳಮ್ಮ ಕೂಗಿದ್ದೇ ತಡ, ಟೀ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಸುತ್ತ ನಿಂತರು. 

"ಎಲ್ಲಣ್ಣ ಬಿತ್ತು?" ಎಂದ ಒಬ್ಬ.

"ನಾಲೇಲಿ. ಗಾಳ ಹಾಕಿದ್ದೆ," ಎಂದ ರಾಮಲಿಂಗಯ್ಯ, ದಿನವೂ ಇಂಥದ್ದು ಹಿಡಿಯುವವನ ದನಿಯಲ್ಲಿ.

"ಯಾವ್ ನಾಲೆ? ನಾಲೆ ನಿಂತು ವಾರಾಯ್ತು! ನಮ್ ಭತ್ತ ಬಾಯ್ ಬುಟ್ಕಂಡ್ ಕೂತದೆ, ನೀನ್ ಅಲ್ಲಿ ಗಾಳ ಹಾಕ್ದಾ?"

ಎಲ್ಲರೂ ನಕ್ಕರು. ಮಂಡ್ಯ ಜಿಲ್ಲೆಯ ಗಂಡಸು ತನ್ನ ಮದುವೆಯ ದಿನವನ್ನು ಬೇಕಾದರೆ ಮರೆತಾನು, ನಾಲೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನ ಮರೆಯುವುದಿಲ್ಲ. ಅಂಥವರ ಮುಂದೆ ಈ ಸುಳ್ಳು ಹೇಳಿದ್ದು ರಾಮಲಿಂಗಯ್ಯನ ತಪ್ಪು. ಸೇತುವೆ ಕೆಳಗಿನ ಗುಂಡಿ ಎನ್ನೋಣ ಎಂದರೆ ಬಟ್ಟೆ ಒಗೆಯುವ ಗುಂಡಿಗೆ ಗಾಳ ಹಾಕಿದ ಎಂದು ಇನ್ನೂ ನಗುತ್ತಾರೆ. ಅವನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಬೋರ್ಡಿನ ಮೇಲೆ ಮಳವಳ್ಳಿ ಎಂದಿತ್ತು.

"ನಾಲೆ ಅಂದ್ನಾ? ಬಾಯ್ ತಪ್ಪಿ ಬಂತು. ಮಳವಳ್ಳಿ ಕಡೆ... ಅರಳೀಕಟ್ಟೆ ಕೆರೇಲಿ."

ಆ ಕೆರೆಯನ್ನು ಅವನು ಕಣ್ಣಲ್ಲೂ ನೋಡಿರಲಿಲ್ಲ. ಯಾರೋ ಯಾವಾಗಲೋ ಹೆಸರು ಹೇಳಿದ್ದು ನೆನಪಿತ್ತು ಅಷ್ಟೆ. ಆದರೆ ಕೆರೆಯ ಹೆಸರು ಬಿದ್ದದ್ದೇ ಜನ ತಲೆದೂಗಿದರು. ಮಂಗಳಮ್ಮ ಟೀಗೆ ಸಕ್ಕರೆ ಜಾಸ್ತಿ ಹಾಕಿಕೊಟ್ಟಳು. ಬೆಂಚಿನ ಮೂಲೆಯಲ್ಲಿದ್ದ ಮುದುಕನೊಬ್ಬ, "ಅರಳೀಕಟ್ಟೆ ಕೆರೆಯಾ? ಲೇ ತಮ್ಮ, ಆ ಕೆರೆ ಈಗ..." ಎಂದು ಏನೋ ಹೇಳಲು ಹೊರಟ. ಬಸ್ಸಿನವನು ಹಾರನ್ ಹೊಡೆದ. ರಾಮಲಿಂಗಯ್ಯನಿಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ತಾಳ್ಮೆಯೂ ಇರಲಿಲ್ಲ.

ಊರಾಚೆ ಹಳೇ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ ಹೆಂಡತಿಗೆ ಫೋನು ಮಾಡಿದ. ಮಾಡಲೇಬೇಕಿತ್ತು. ಬಳಗದಲ್ಲಿ ಮನೆ ಸಾಕ್ಷಿ ಎಂಬ ಇನ್ನೊಂದು ಕಟ್ಟಳೆ ಇದೆ: ಅನುಮಾನ ಬಂದರೆ ಅಲ್ಲೇ ಮನೆಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಕೇಳುತ್ತಾರೆ. ಹಿಂದೊಮ್ಮೆ ಮೊಬೈಲ್ ಅಂಗಡಿಯ ನಾಗೇಶ್ ಭಾರಿ ಮೀನೊಂದನ್ನು ತಂದು ಮೆರೆದಿದ್ದ. ಸ್ಪೀಕರಿನಲ್ಲಿ ಅವನ ತಾಯಿ, "ಆ ಮೀನಾ? ಅಂಗ್ಡಿಯೋನು ಕುಯ್ದು ಕೊಡ್ತೀನಿ ಅಂದ್ರೆ ಬ್ಯಾಡ ಅಂದನಲ್ಲಪ್ಪ ಇವ್ನು, ಯಾಕೆ?" ಎಂದು ಬಿಟ್ಟಿದ್ದರು. ನಾಗೇಶ್ ಎಷ್ಟೋ ದಿನ ಯಾರ ಮುಖವನ್ನೂ ನೋಡಿರಲಿಲ್ಲ.

"ನಾಗು, ನಾಲೆ ಅನ್ಬ್ಯಾಡ. ಅರಳೀಕಟ್ಟೆ ಕೆರೆ, ಮಳವಳ್ಳಿ ಕಡೆ. ಗಾಳದಲ್ಲಿ ನಾನೊಬ್ನೇ ಹಿಡ್ದೆ. ತಿಳೀತಾ?"

"ತಿಳೀತು ಬುಡಿ."

"ಅವ್ರು ಬಲೇ ಪಾಕಡಾಗಳು ಕಣೆ. ನನ್ ಬಾಯಿಂದ್ಲೇ ಕೇಳುಸ್ತಾರೆ. ನಾನು ನಿಜ ಯೋಳು ಅಂತ ಗೋಗರುದ್ರೂ, ದೇವ್ರಾಣೆ ಇಟ್ರೂ, ಅತ್ರೂ ನೀನ್ ಬುಡ್ಬ್ಯಾಡ."

"ನೀವ್ ತಲೆ ತನ್ನಿ. ನನ್ ಬಾಯಿಂದ ಬೇರೆ ಮಾತ್ ಬಂದ್ರೆ ಆಮೇಲ್ ಕೇಳಿ," ಎಂದಳು ನಾಗರತ್ನ. ಹೆಂಡತಿ ಅಂದರೆ ಇವಳು ಎಂದುಕೊಂಡು ರಾಮಲಿಂಗಯ್ಯ ಗಾಡಿ ಏರಿದ.

ತೋಟದಲ್ಲಿ ಆಗಲೇ ಮೀನುಗಳ ಮೆರವಣಿಗೆ ಶುರುವಾಗಿತ್ತು. ಚಿಕ್ಕಣ್ಣ ಮೊಳಕ್ಕಿಂತ ಉದ್ದದ ಬಾಳೆಮೀನನ್ನು ಎತ್ತಿ ಹಿಡಿದು, ಶಿಂಷಾ ಹೊಳೆಯಲ್ಲಿ ಕೋಳಿ ಕರುಳು ಕಟ್ಟಿ ಹೇಗೆ ಕಾದೆ ಎಂದು ಹೇಳುತ್ತಿದ್ದ. "ನೋಡಿ ಇದರ ಮೀಸೆ! ಗಾಳ ನುಂಗದ್ ಮೇಲೆ ಕೋಲೇ ಕಿತ್ಕಂಡ್ ಓಯ್ತು. ನಾನು ಬಟ್ಟೆ ಸಮೇತ ನೀರಿಗ್ ಬಿದ್ದೆ ಕಣ್ರಪ್ಪ!" ನಾಗೇಶ್ ಕೊರವ ಮೀನು ತಂದಿದ್ದ. ಜೊಂಡಿನ ಪಕ್ಕ ಜೀವಂತ ಕಪ್ಪೆಯನ್ನು ಗಾಳಕ್ಕೆ ಕಟ್ಟಿ ಕುಣಿಸಿದ ರೀತಿಯನ್ನು ತಾನೇ ಕುಣಿದು ತೋರಿಸಿದ. ಈ ಸಲ ಅಂಗಡಿಯದು ಅನ್ನಬಾರದೆಂದು ವಿಡಿಯೋ ಬೇರೆ ಮಾಡಿಕೊಂಡು ಬಂದಿದ್ದ.

ಆಗ ರಾಮಲಿಂಗಯ್ಯ ಗೋಣಿ ಬಿಚ್ಚಿದ. ತೋಟದಲ್ಲಿದ್ದವರೆಲ್ಲ ಚಿಕ್ಕಣ್ಣನ ಬಾಳೆಮೀನನ್ನು ಬಿಟ್ಟು ಇತ್ತ ಓಡಿಬಂದರು. ಕಾಟ್ಲದ ತಲೆಯೇ ಚಿಕ್ಕಣ್ಣನ ತಲೆಯಷ್ಟಿತ್ತು.

"ಬಾಲಲಿಂಗಯ್ಯ! ಇದ್ನ ನೀನ್ ಹಿಡ್ದ್ಯೇನ್ಲಾ?"

"ಇವತ್ತಿಂದ ಆ ಹೆಸ್ರು ಬಂದ್ ಮಾಡು ಚಿಕ್ಕಣ್ಣ," ಎಂದ ರಾಮಲಿಂಗಯ್ಯ. ಹಾಗೆ ಹೇಳಲು ಅವನು ಎಷ್ಟು ವರ್ಷದಿಂದ ಕಾದಿದ್ದನೋ! ಎದೆ ಅಂಗಿಯ ಗುಂಡಿ ಕಿತ್ತು ಬರುವಷ್ಟು ಉಬ್ಬಿತು. ಅರಳೀಕಟ್ಟೆ ಕೆರೆಯ ಏರಿಯ ಮೇಲೆ ಮಂಜಿನಲ್ಲಿ ಕೂತದ್ದು, ಹಿಂಡಿಯ ಉಂಡೆಗೆ ಒಂಚೂರು ಬೆಲ್ಲ ಸೇರಿಸಿದ್ದು, ಕಾಟ್ಲ ಮೂರು ಸಲ ಮೂಸಿ ಹೋಗಿ ನಾಲ್ಕನೆಯ ಸಲ ಕಚ್ಚಿದ್ದು, ತಾನು ಏರಿಯುದ್ದಕ್ಕೂ ಅದರ ಹಿಂದೆ ಓಡಿದ್ದು, ದಾರವನ್ನು ಕೈಗೆ ಸುತ್ತಿಕೊಂಡು ತೋಳೇ ಕಳಚಿದಂತಾದದ್ದು, ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲೇ ನೀರು ಬಂತು. ಬಳಗದ ಹಿರಿಯ ಕೆಂಪಸಿದ್ದಯ್ಯನವರು ಎದ್ದು ಬಂದು ಮೀನಿನ ತುಟಿಯನ್ನು ಬೆರಳಿನಿಂದ ಬಿಡಿಸಿ ನೋಡಿದರು.

"ಗಾಳದ್ ಗಾಯ ಅದೆ. ತಲೆ ರಾಮಲಿಂಗಯ್ಯಂದೇ!"

ಎಲ್ಲರೂ ಸಿಳ್ಳೆ ಹೊಡೆದರು. ಆಗ ತೆಂಗಿನ ಮರಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ದಪ್ಪ ಮನುಷ್ಯ ಮುಂದೆ ಬಂದ. ಇವರು ಕರಿಯಯ್ಯನವರು, ಕೆಂಪಸಿದ್ದಯ್ಯನವರ ಹೊಸ ಬೀಗರು, ಮೀನೂಟಕ್ಕೆಂದು ಮಳವಳ್ಳಿ ಕಡೆಯಿಂದ ಬಂದವರು.

"ಯಾವ್ ಕೆರೆ ಅಂದ್ರಿ?" ಎಂದರು ಮೆಲ್ಲಗೆ.

"ಅರಳೀಕಟ್ಟೆ ಕೆರೆ, ಯಜಮಾನ್ರೆ. ಬಲೇ ಆಳ!"

"ಇವತ್ ಬೆಳಿಗ್ಗೇನಾ?"

"ಇವತ್ತೇ!"

"ಆ ಕೆರೆ ಮೀನಿನ ಟೆಂಡರು ನಂದು ಕಣಯ್ಯ," ಎಂದು ಕರಿಯಯ್ಯ ಎಲೆ ಉಗುಳಿದರು. "ಮರಿ ಬುಟ್ಟೋನು ನಾನು, ಹಿಂಡಿ ಹಾಕಿ ಸಾಕ್ದೋನು ನಾನು. ಹೋದ್ ತಿಂಗ್ಳಿಂದ ದೊಡ್ ದೊಡ್ಡವು ಕಾಣ್ತಿಲ್ವಲ್ಲ, ಯಾವ್ ನನ್ಮಗ ಕದೀತಾವ್ನೆ ಅಂತ ಹುಡುಕ್ತಿದ್ದೆ. ನೀನೇ ಬಂದು ಕತೆ ಮಾಡಿ ಯೋಳ್ದಲ್ಲ!"

ರಾಮಲಿಂಗಯ್ಯನ ಎದೆ ಇಳಿಯಿತು. ಎರಡೂ ಕೈ ಮುಗಿದ.

"ಸುಳ್ಳು ಯೋಳ್ದೆ ಯಜಮಾನ್ರೆ! ಕೆರೆ ನಾನ್ ನೋಡೇ ಇಲ್ಲ. ನಾಲೇದು ಇದು. ನಮ್ಮ ಹೆಂಗುಸ್ರು ದುಪ್ಪಟಿ ಒಗೆಯಕ್ ಓಗಿದ್ಲು, ದುಪ್ಪಟಿಗೆ ಬಿತ್ತು!"

ಇಡೀ ತೋಟ ಬಿದ್ದು ಬಿದ್ದು ನಕ್ಕಿತು.

"ನೀರಿಲ್ಲದ್ ನಾಲೇಲಿ ಕಾಟ್ಲ, ಅದೂ ದುಪ್ಪಟೀಲಿ!" ಎಂದು ಚಿಕ್ಕಣ್ಣ ಹೊಟ್ಟೆ ಹಿಡಿದುಕೊಂಡ. "ಗಾಳದ್ ಗಾಯ ಎಂಗ್ ಬಂತ್ಲಾ? ದುಪ್ಪಟೀಲಿ ಮುಳ್ಳಿತ್ತಾ?"

"ಮನೆ ಸಾಕ್ಷಿ! ಮನೆ ಸಾಕ್ಷಿ!" ಎಂದು ನಾಗೇಶ್ ಕುಣಿದಾಡಿದ. ಅವನಿಗೆ ಹಳೆಯ ಸೇಡು ಇತ್ತಲ್ಲ.

ಕೆಂಪಸಿದ್ದಯ್ಯನವರೇ ಫೋನು ಹಚ್ಚಿಸಿ ಸ್ಪೀಕರಿಗೆ ಹಾಕಿಸಿದರು. ರಾಮಲಿಂಗಯ್ಯ ಫೋನಿನ ಮೇಲೆಯೇ ಬಗ್ಗಿದ.

"ನಾಗು, ನಿಜ ಯೋಳ್ಬುಡೆ. ಮೀನು ಯಾರ್ ಹಿಡ್ದಿದ್ದು?"

"ಇದೇನ್ರೀ ಇಂಗ್ ಕೇಳ್ತೀರಿ? ನೀವೇ ಅಲ್ವಾ! ಅರಳೀಕಟ್ಟೆ ಕೆರೇಲಿ, ಗಾಳದಲ್ಲಿ."

"ಲೇ, ಈಗ ನಿಜ್ವಾಗ್ಲೂ ಕೇಳ್ತಾ ಇವ್ನಿ! ದುಪ್ಪಟೀಲಿ ನೀನೇ ಹಿಡ್ದಿದ್ದು ಅಂತ ಯೋಳೆ!"

"ನಾನಾ? ಅಯ್ಯೋ ಶಿವ್ನೆ, ನಂಗೆ ಜೀವ ಇರೋ ಮೀನ್ ಕಂಡ್ರೇ ಭಯ."

"ದೇವ್ರಾಣೆ ಕಣೆ ನಾಗು! ನನ್ ಮಾನ ಓಯ್ತಾ ಅದೆ ಕಣೆ!" ಎಂದ ರಾಮಲಿಂಗಯ್ಯ. ಈಗ ಅವನು ನಿಜವಾಗಿಯೂ ಅಳುತ್ತಿದ್ದ.

ಫೋನಿನ ಆ ಕಡೆ ನಾಗರತ್ನ ಹೆಮ್ಮೆಯಿಂದ ನಕ್ಕಳು. ಗಂಡ ಎಷ್ಟು ಚೆನ್ನಾಗಿ ಅಳುತ್ತಿದ್ದಾರೆ ಅನ್ನಿಸಿರಬೇಕು. "ಯಾರ್ ಕೇಳುದ್ರೂ ಅಷ್ಟೇ ಸ್ವಾಮಿ, ಎಲ್ರೂ ಕೇಳಿಸ್ಕಳಿ. ನಮ್ಮೋರು ಗಾಳ ಹಾಕುದ್ರೆ ಬೀಳ್ದಿರೋ ಮೀನೇ ಇಲ್ಲ. ಇದೊಂದೇನಾ? ಹೋದ್ ತಿಂಗ್ಳೂ ಅದೇ ಕೆರೇಲಿ ಎರಡ್ ತಂದಿದ್ರು!"

ಕರಿಯಯ್ಯ ಹುಬ್ಬು ಏರಿಸಿದರು. ರಾಮಲಿಂಗಯ್ಯ ತಲೆಯ ಮೇಲೆ ಕೈ ಹೊತ್ತು ಕೂತ.

ಕೂತವನಿಗೆ ಒಂದು ದಾರಿ ಹೊಳೆಯಿತು. ಧಡಕ್ಕನೆ ಎದ್ದ. "ಬನ್ನಿ, ನಮ್ಮನೆಗೆ ಬನ್ನಿ! ಆ ದುಪ್ಪಟಿ ತಂತಿ ಮೇಲೆ ಒಣಗ್ತಾ ಅದೆ. ಮೂಸ್ ನೋಡಿ, ಮೀನ್ ವಾಸ್ನೆ ಬರ್ನಿಲ್ಲ ಅಂದ್ರೆ ಕೇಳಿ. ಮನೆಯೆಲ್ಲ ಹುಡುಕ್ಕಳಿ. ಕದ್ದ ಮೀನು ಇರ್ಲಿ, ಒಂದ್ ಮೀನಿನ್ ಮುಳ್ ಸಿಕ್ಕುದ್ರೂ ಈ ಕಾಟ್ಲ ನಿಮ್ದು, ನನ್ ಗಾಳನೂ ನಿಮ್ದು!"

"ಸಿಗ್ಲಿಲ್ಲ ಅಂದ್ರೆ ತಲೆ ಅವಂದು, ಬೀಗ್ರೆ. ನ್ಯಾಯ ಅಂದ್ರೆ ನ್ಯಾಯ," ಎಂದರು ಕೆಂಪಸಿದ್ದಯ್ಯ. ಕರಿಯಯ್ಯ ಒಪ್ಪಿದರು. ಕಾಟ್ಲವನ್ನು ಬಾಳೆಲೆಯ ಮೇಲೆ ಮುಟ್ಟದೆ ಇಟ್ಟು, ಎಲ್ಲರೂ ಕರಿಯಯ್ಯನವರ ಬೊಲೆರೊ ಹತ್ತಿದರು. ದಾರಿಯುದ್ದಕ್ಕೂ ರಾಮಲಿಂಗಯ್ಯ ತಲೆ ಎತ್ತಿಕೊಂಡೇ ಕೂತಿದ್ದ. ಬದುಕಿನಲ್ಲಿ ಮೊದಲ ಸಲ ಅವನ ಕಡೆ ಸತ್ಯ ಇತ್ತು, ಅದರ ಠೀವಿಯೇ ಬೇರೆ.

ಮನೆಯ ಮುಂದೆ ಬೊಲೆರೊ ನಿಂತಾಗ ನಾಗರತ್ನ ಬಾಗಿಲಲ್ಲೇ ಇದ್ದಳು. ಹಿರಿಯರು, ಬಳಗದವರು, ಯಾರೋ ದೊಡ್ಡ ಮನುಷ್ಯರು, ನಡುವೆ ಎದೆಯುಬ್ಬಿಸಿಕೊಂಡ ಗಂಡ. ಗೆದ್ದವನನ್ನು ಮನೆಗೆ ಬಿಟ್ಟು ಹೋಗಲು ಮೆರವಣಿಗೆ ಬಂದಿದೆ ಎಂದೇ ತಿಳಿದಳು. ಪಕ್ಕದ ಮನೆಯ ಕುಸುಮ ಗೋಡೆಯ ಮೇಲೆ ಕತ್ತು ಹಾಕಿ ನೋಡುತ್ತಿದ್ದಳು. ಅದನ್ನು ನೋಡಿ ನಾಗರತ್ನಳ ಮುಖ ಹಬ್ಬವಾಯಿತು.

ರಾಮಲಿಂಗಯ್ಯ ತಂತಿಯ ಕಡೆ ನೋಡಿದ. ಅಲ್ಲಿ ದುಪ್ಪಟಿ ಇರಲಿಲ್ಲ.

"ದುಪ್ಪಟಿ ಎಲ್ಲಮ್ಮಿ?"

"ಯಾವ್ ದುಪ್ಪಟಿ?" ಎಂದು ನಾಗರತ್ನ ಕಣ್ಣು ಅಗಲಿಸಿದಳು. ಕೊಟ್ಟ ಮಾತು ಮರೆಯುವವಳಲ್ಲ. ಆಮೇಲೆ ಕರಿಯಯ್ಯನವರ ಕಡೆ ತಿರುಗಿ, ಗೋಡೆಯಾಚೆಗೂ ಕೇಳುವಂತೆ ದನಿ ಎತ್ತರಿಸಿದಳು. "ಅಷ್ಟ್ ದೂರದಿಂದ ಬಂದಿದೀರಿ, ಬನ್ನಿ ಸ್ವಾಮಿ, ನಮ್ಮೋರ್ ಕೈಚಳಕ ಒಸಿ ನೋಡ್ಕಂಡೋಗಿ."

ಹಿತ್ತಲಿನಲ್ಲಿ ನೀಲಿ ಡ್ರಮ್ಮು ಇತ್ತು. ಅದರ ಬಾಯಿಗೆ ದುಪ್ಪಟಿ ಮುಚ್ಚಿತ್ತು. ನೀರು ತೊಟ್ಟಿಕ್ಕುತ್ತಿದ್ದ ಆ ದುಪ್ಪಟಿಯನ್ನು ನಾಗರತ್ನ ಸರಕ್ಕನೆ ಎಳೆದಳು. ಒಳಗೆ ಇನ್ನೊಂದು ಕಾಟ್ಲ, ಬೆಳಗಿನದಕ್ಕಿಂತ ದೊಡ್ಡದು, ಬಾಲ ಬಡಿದು ಎಲ್ಲರ ಮುಖಕ್ಕೂ ನೀರು ಎರಚಿತು.

"ಇದೂ ಅರಳೀಕಟ್ಟೆ ಕೆರೇದೇ ಸ್ವಾಮಿ! ಬೆಳಿಗ್ಗೆ ನಮ್ಮೋರು ಜೋಡಿ ಹಿಡ್ಕಬಂದ್ರು. ನಾಳೆ ಸೋಮ್ವಾರ, ಒಲೆ ಮೇಲೆ ಇಡಂಗಿಲ್ಲ. ಮಂಗ್ಳವಾರದ ತಂಕ ಜೀವ ಇಟ್ಕಂಡಿರ್ಲಿ ಅಂತ ಬುಟ್ಟಿವ್ನಿ."

ಕುಸುಮ ಗೋಡೆಯ ಮೇಲಿಂದ ಮಾಯವಾದಳು. ಕರಿಯಯ್ಯ ಡ್ರಮ್ಮಿನೊಳಗೆ ಬಗ್ಗಿ, ಬಹಳ ದಿನದ ಮೇಲೆ ಕಂಡ ಮಗನನ್ನು ನೋಡುವಂತೆ ಆ ಮೀನನ್ನು ನೋಡಿದರು. "ಎಷ್ಟ್ ಚೆನ್ನಾಗ್ ಬೆಳ್ದವ್ನೆ ನೋಡಿ ಬೀಗ್ರೆ, ನನ್ ಕೆರೆ ಮೀನು! ಹಿಂಡಿ ಹಾಕಿದ್ ಸಾರ್ಥಕ ಆಯ್ತು," ಎಂದರು. ಅವರ ಕಣ್ಣಲ್ಲೂ ಹೆಮ್ಮೆ.

ದುಪ್ಪಟಿಯನ್ನು ಮೂಸಿ ನೋಡುವ ಮಾತೇ ಬರಲಿಲ್ಲ. ನಾಗೇಶ್ ಮತ್ತು ಚಿಕ್ಕಣ್ಣ ಡ್ರಮ್ಮನ್ನು ಬೊಲೆರೊಗೆ ಏರಿಸಿದರು. ರಾಮಲಿಂಗಯ್ಯನ ಗಾಳದ ಕೋಲನ್ನೂ ಕರಿಯಯ್ಯನವರೇ ತೆಗೆದುಕೊಂಡು ಪಕ್ಕದಲ್ಲಿ ಇಟ್ಟುಕೊಂಡರು. ಕೆಂಪಸಿದ್ದಯ್ಯನವರು ಹೊರಡುವಾಗ ಅವನ ಭುಜ ತಟ್ಟಿ, "ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಬಾಲ ಕಳ್ಸಿಕೊಡ್ತೀನಿ," ಎಂದರು.

ಗಾಡಿ ಹೋದ ಮೇಲೆ ನಾಗರತ್ನ ಗಂಡನ ಪಕ್ಕಕ್ಕೆ ಬಂದು ನಿಂತಳು. ಸೀರೆಯ ಅಂಚು ಇನ್ನೂ ಒದ್ದೆಯಿತ್ತು.

"ಜೊತೇದ್ ಇನ್ನೊಂದು ಇರ್ಬೌದು ಅಂತ ಮಧ್ಯಾಹ್ನ ಅದೇ ಗುಂಡೀಗೆ ಓಗಿದ್ದೆ ಕಣ್ರೀ, ನಿಮ್ಗೆ ಯೋಳ್ನಿಲ್ಲ," ಎಂದಳು ಮೆಲ್ಲಗೆ.

ರಾಮಲಿಂಗಯ್ಯ ಬೊಲೆರೊ ಹೋದ ದಾರಿಯನ್ನೇ ನೋಡುತ್ತಿದ್ದ.

"ಡ್ರಮ್ಮೂ ಎತ್ಕಂಡೋದ್ರಲ್ಲ, ಆ ಮೀನ್ಗೂ ಬಹುಮಾನ ಕೊಡ್ತಾರಾ? ನಮ್ ತಲೆ ಯಾವಾಗ್ ಬತ್ತದೆ?" ಎಂದು ಕೇಳಿದಳು. ಆಮೇಲೆ ಇನ್ನೂ ಹತ್ತಿರ ಬಂದು, ಮುಖವೆಲ್ಲ ಅರಳಿಸಿಕೊಂಡು, "ನೀವ್ ಅತ್ರೂ ನಾನ್ ಬುಡ್ನಿಲ್ಲ ನೋಡಿ! ಸರ್ಯಾಗ್ ಯೋಳ್ದ್ನಾ?" ಎಂದಳು.

ರಾಮಲಿಂಗಯ್ಯ ಅವಳ ಮುಖ ನೋಡಿದ. ಇಷ್ಟು ಹೆಮ್ಮೆ ಆ ಮುಖದಲ್ಲಿ ಮದುವೆಯ ದಿನವೂ ಇರಲಿಲ್ಲ.

"ಒಂದ್ ಮಾತೂ ತಪ್ಪಿಲ್ಲ ಕಣಮ್ಮಿ," ಎಂದ.